ತೋಟಕ್ಕೊಂದು ಕಲ್ಲುಬೆಂಚು: ಬೇಕಾದ ಸಲಕರಣೆಗಳು

ಬಂಗಾರಪೇಟೆ, ಕೆ.ಜಿ.ಎಫ್. ಸುತ್ತಿನ ರೈತರಿಗೆ ಕಲ್ಲುಚಪ್ಪಡಿ ಹೊಸದಲ್ಲ. ಬಯಲಲ್ಲಿಡುವ ಬೆಂಚಿಗೂ ಅದೇ ಲೇಸು, ಗೆದ್ದಲು ಹತ್ತದು. ಆದರೆ ಭಾರದ ಅಂದಾಜಿರಲಿ. ಗ್ರಾನೈಟ್ ಘನ ಅಡಿಗೆ ಸುಮಾರು 75 ಕಿಲೋ ತೂಗುತ್ತದೆ. 5 ಅಡಿ ಉದ್ದ, ಒಂದೂಕಾಲು ಅಡಿ ಅಗಲ, 3 ಅಂಗುಲ ದಪ್ಪದ ಚಪ್ಪಡಿ ಸುಮಾರು 117 ಕಿಲೋ! ಇಬ್ಬರೇ ಎತ್ತಲು ಹೋಗಿ ಬೆರಳು ಜಜ್ಜಿಕೊಳ್ಳಬೇಡಿ.

ಎರಡು ಹಾರೆ, ಗುದ್ದಲಿ, ದಿಮ್ಮಸು, ದಾರ, ರಸಮಟ್ಟ, ಕರಣೆ, ಒಂದಿಷ್ಟು ಮರದ ತುಂಡುಗಳಿದ್ದರೆ ಸಾಕು. ಎರಡೂವರೆ ಅಡಿಯ ಕಾಲುಗಲ್ಲುಗಳನ್ನು ಒಂದಡಿ ಹೂತು, ಜಲ್ಲಿ ತುಂಬಿ ದಿಮ್ಮಸಿನಿಂದ ಬಡಿಯಿರಿ. ಮಟ್ಟ ನೋಡಿ, ತಲೆಗೆ ಗಾರೆ ಹಾಕಿ. ಚಪ್ಪಡಿಯನ್ನು ಹಾರೆಯಿಂದ ಒಂದೊಂದೇ ತುದಿ ಮೀಟುತ್ತ, ಅಡಿಗೆ ತುಂಡು ಕೊಡುತ್ತ ಏರಿಸಿ. ತುಂಡನ್ನು ಕೋಲಿನಿಂದಲೇ ತಳ್ಳಿ. ಕಲ್ಲಿನಡಿಗೆ ಕೈ ಹೋಗಕೂಡದು. ಗಾರೆಗೆ ಒಂದು ವಾರ ನೀರುಣಿಸಿ. ಅಲ್ಲಿಯವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ.