ಸೀರೆ ಉಟ್ಟ ಪತ್ತೇದಾರ ಮತ್ತು ನಮ್ಮ ಮಾಮ

ಹೋದ ದೀಪಾವಳಿಗೆ ಬೆಂಗಳೂರಿನಿಂದ ಸಿಂಧನೂರಿಗೆ ಬರುವ ಸ್ಲೀಪರ್ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಸ್ನೇಹಿತನೊಬ್ಬ ಕೊಟ್ಟಿದ್ದ ಇಂಗ್ಲಿಷ್ ಕಾದಂಬರಿ ಓದಿ ಮುಗಿಸಿದೆ. ಟರ್ಕಿಯ ಮೆಹ್ಮೆತ್ ಮುರಾತ್ ಸೋಮರ್ ಬರೆದ ‘ದಿ ಪ್ರಾಫೆಟ್ ಮರ್ಡರ್ಸ್’, 2008ರಲ್ಲಿ ಇಂಗ್ಲಿಷಿಗೆ ಬಂದದ್ದು. ಕತೆ ನಡೆಯೋದು ಇಸ್ತಾಂಬುಲ್‌ನಲ್ಲಿ. ಅದರ ಪತ್ತೇದಾರ ಹಗಲೆಲ್ಲ ಕಂಪ್ಯೂಟರ್ ಕೆಲಸ ಮಾಡ್ತಾನೆ, ರಾತ್ರಿಯಾದ್ರೆ ಹೆಣ್ಣಿನ ವೇಷ ತೊಟ್ಟು ನೈಟ್‌ಕ್ಲಬ್ ನಡೆಸ್ತಾನೆ. ಸಿನಿಮಾ ನಟಿ ಆಡ್ರೆ ಹೆಪ್‌ಬರ್ನ್ ಅಂದ್ರೆ ಪ್ರಾಣ. ಕೊಲೆಯ ಗುಟ್ಟು ಬಿಡಿಸ್ತಾ ಬಿಡಿಸ್ತಾ ಓದುವವರನ್ನ ನಗಿಸ್ತಾನೆ. ಬರೆದವರೂ ಓದಿದ್ದು ಎಂಜಿನಿಯರಿಂಗ್ ಅಂತ ಗೊತ್ತಾದಾಗ ನನಗೆ ಹುಮ್ಮಸ್ಸು ಬಂತು. ನಾನೂ ಹಗಲೆಲ್ಲ ಕೋಡ್ ಬರೆಯೋನೇ. ಒಂದು ಕತೆ ಬರೆಯಬಾರದೇಕೆ?

ನಮ್ಮ ಮನೆಯ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಇದ್ದವು. ಪತ್ತೇದಾರ ಪುರುಷೋತ್ತಮನ ಜೊತೆಗೇ ನಾನು ಬೆಳೆದದ್ದು. ಹಾಗಾಗಿ ಹಬ್ಬದ ರಜೆಯಲ್ಲಿ ಕೂತು ಬರೆದೇಬಿಟ್ಟೆ. ಸಿಂಧನೂರು ತಾಲ್ಲೂಕಿನ ಅಂಬಾಮಠದ ಜಾತ್ರೆ, ಅಲ್ಲೊಂದು ನಾಟಕ ಕಂಪನಿ. ಲಿಂಗಸುಗೂರು ಕಡೆಯ ಹಟ್ಟಿ ಗಣಿಯ ಚಿನ್ನ ಕಾಣೆಯಾಗುತ್ತೆ. ಕಳ್ಳನನ್ನ ಹಿಡಿಯೋನು ಕಂಪನಿಯಲ್ಲಿ ಸ್ತ್ರೀಪಾತ್ರ ಮಾಡೋ ಒಬ್ಬ ಗಂಡಸು. ಓಡುವಾಗ ಸೀರೆ ಕಾಲಿಗೆ ತೊಡರುತ್ತೆ, ಚೌರಿ ಜಾರುತ್ತೆ, ಪೊಲೀಸಪ್ಪ ಅವನಿಗೆ ಕಣ್ಣು ಹೊಡೀತಾನೆ. ಬರೀವಾಗ ನಾನೇ ಬಿದ್ದು ಬಿದ್ದು ನಕ್ಕಿದ್ದೆ.

ಮಸ್ಕಿಯಲ್ಲಿರೋ ನಮ್ಮ ಸೋದರಮಾವ ವಯಸ್ಸಿನಲ್ಲಿದ್ದಾಗ ದೊಡ್ಡಾಟದಲ್ಲಿ ದ್ರೌಪದಿ ಆಗ್ತಿದ್ದರಂತೆ. ಆ ಕಾಲದ ಒಂದು ಫೋಟೋನೂ ಮನೆಯಲ್ಲಿಲ್ಲ, ಆ ಮಾತು ಯಾರೂ ತೆಗೆಯೋದಿಲ್ಲ. ಅವರಿಗೇ ಓದಿ ಹೇಳೋಣ ಅಂತ ಹೋದೆ. ಎರಡು ಸಲ ನಕ್ಕರು, ಆಮೇಲೆ ಸುಮ್ಮನಾದರು.

“ಚೊಲೊ ಬರದೀ ಅಳಿಯಾ. ಆದ್ರ ಒಂದ್ ಮಾತು. ನಾ ಸ್ಟೇಜಿನ ಮ್ಯಾಲ ದ್ರೌಪದಿ ಆದಾಗ ಯಾರೂ ನಗತಿದ್ದಿಲ್ಲ. ಹೆಣ್ಮಕ್ಕಳು ಕಣ್ಣೀರು ಹಾಕತಿದ್ರು. ನಗತಿದ್ದದ್ದು ನಾ ಬಣ್ಣ ತೊಳಕೊಂಡು ಕೆಳಗಿಳಿದ ಮ್ಯಾಲ. ನೀ ಕೆಳಗ ನಿಂತು ಬರದೀ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ನೆನಪಾದದ್ದು ನನ್ನ ಹೈಸ್ಕೂಲು. ಕ್ಲಾಸಿನಲ್ಲಿ ಒಬ್ಬ ಹುಡುಗನ ನಡಿಗೆ, ಮಾತು ಸ್ವಲ್ಪ ನಾಜೂಕು. ನಾವು ಹುಡುಗರೆಲ್ಲ ಅವನಿಗೆ ಒಂದು ಅಡ್ಡಹೆಸರಿಟ್ಟಿದ್ದೆವು. ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ ಅವನು ಶಾಲೆ ಬಿಟ್ಟ. ಆ ಅಡ್ಡಹೆಸರು ಇಟ್ಟವನು ನಾನಲ್ಲ, ಆದರೆ ಜೋರಾಗಿ ನಗುತ್ತಿದ್ದವರಲ್ಲಿ ನಾನೂ ಇದ್ದೆ. ನನ್ನ ಕತೆಯ ನಗು ಎಲ್ಲಿಂದ ಬಂದಿದೆ ಅಂತ ಅವತ್ತು ತಿಳೀತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮಂಜಮ್ಮ ಜೋಗತಿಯವರ ಆತ್ಮಕತೆ ‘ನಡುವೆ ಸುಳಿವ ಹೆಣ್ಣು’ ತರಿಸಿ ಓದಿದೆ. ಅವರು ಹೇಳಿದ್ದನ್ನ ಅಕ್ಷರಕ್ಕಿಳಿಸಿದವರು ಅರುಣ್ ಜೋಳದಕೂಡ್ಲಿಗಿ. ಬಳ್ಳಾರಿ ಕಡೆ ಹುಟ್ಟಿದಾಗ ಮಂಜಮ್ಮನ ಹೆಸರು ಮಂಜುನಾಥ ಶೆಟ್ಟಿ. ಹದಿಹರೆಯದಲ್ಲಿ ಮನೆಯವರೇ ಕರೆದೊಯ್ದು ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿದರು. ಹುಲಿಗಿ ಅಂದ್ರೆ ನಮ್ಮ ಸಿಂಧನೂರಿನ ಜನ ಹುಣ್ಣಿಮೆಗೆ ಹೋಗಿ ಬರೋ ಊರೇ. ಆಮೇಲಿನ ಬದುಕು ಸುಲಭದ್ದಲ್ಲ. ಭಿಕ್ಷೆ ಬೇಡಿದ್ದು, ಇಡ್ಲಿ ಮಾರಿದ್ದು, ದೌರ್ಜನ್ಯ ಉಂಡದ್ದು, ಸಾಯಲು ಹೋದದ್ದು ಎಲ್ಲ ಇದೆ. ದಾವಣಗೆರೆಯ ಬಸ್‌ ಸ್ಟ್ಯಾಂಡಿನ ಹತ್ತಿರ ಒಬ್ಬ ತಂದೆ ಹಾಡುತ್ತಿದ್ದ, ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದನ್ನ ನೋಡಿ ಕಲಿಯೋ ಆಸೆ ಹುಟ್ಟಿತು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿದರು. ಚೌಡಿಕೆಯ ದನಿ, ತಲೆ ಮೇಲೆ ಕೊಡ, ಯಲ್ಲಮ್ಮನ ಕತೆ, ಇವೇ ಅನ್ನ ಆದವು. ಕಾಳವ್ವನ ನಂತರ ಮೇಳ ನಡೆಸಿದವರೂ ಇವರೇ.

2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ, 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿ ಭವನದಲ್ಲಿ ಸೆರಗಿನಿಂದ ರಾಮನಾಥ ಕೋವಿಂದರ ದೃಷ್ಟಿ ತೆಗೆದ ವಿಡಿಯೋ ನಮ್ಮ ಆಫೀಸಿನ ಗ್ರೂಪಿನಲ್ಲೂ ಓಡಾಡಿತ್ತು. ಅವತ್ತೂ ಜನ ನಕ್ಕರು. ಆದರೆ ಆ ನಗುವಿಗೆ ದಾರಿ ಮಾಡಿಕೊಟ್ಟವರು ಮಂಜಮ್ಮನೇ. ಅಷ್ಟು ದೊಡ್ಡ ಸಭೆಯಲ್ಲಿ ನಮ್ಮ ಅವ್ವಂದಿರು ಮಕ್ಕಳಿಗೆ ಮಾಡೋದನ್ನೇ ಮಾಡಿ ತೋರಿಸಿದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರೆ ನಾನೇ ಕಲಸಿಕೊಂಡಿದ್ದೆ. ಇಸ್ತಾಂಬುಲಿನ ಪತ್ತೇದಾರ ವೇಷ ತೊಡೋದು ಅವನ ಖುಷಿಗೆ, ಕ್ಲಬ್ಬಿನ ರಾತ್ರಿಗೆ. ನಮ್ಮ ಮಾಮನ ಹಾಗೆ ಸ್ತ್ರೀಪಾತ್ರ ಮಾಡಿದವರದು ಕಲೆ, ಆಟ ಮುಗಿದರೆ ಸೀರೆ ಪೆಟ್ಟಿಗೆಗೆ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಹೆಸರಾದದ್ದು ಸ್ತ್ರೀಪಾತ್ರಗಳಿಂದಲೇ. ನಮ್ಮ ಏಣಗಿ ಬಾಳಪ್ಪನವರೂ ಮೊದಮೊದಲು ಸ್ತ್ರೀಪಾತ್ರ ಮಾಡಿದವರೇ. ಜೋಗತಿಯದು ಹಾಗಲ್ಲ. ಮಂಜಮ್ಮನಿಗೆ ಸೀರೆ ವೇಷ ಅಲ್ಲ, ಅದೇ ಅವರು. ಮೂರನ್ನೂ ಒಂದೇ ಚೀಲಕ್ಕೆ ತುಂಬಿ ನಗೋದು ನಮ್ಮ ಸೋಮಾರಿತನ.

ಇನ್ನೊಂದು ಗಮನಿಸಿದೆ. ಬಾಳಪ್ಪನವರ ಬದುಕಿನ ಕತೆ ಪುಸ್ತಕವಾದದ್ದೂ ಅವರು ಹೇಳಿ, ಗಣೇಶ ಅಮೀನಗಡ ಬರೆದುಕೊಂಡಿದ್ದರಿಂದ. ನಮ್ಮ ಕಡೆ ಕಲಾವಿದರು ಲೇಖಕರಾಗೋ ದಾರಿನೇ ಇದು. ಒಬ್ಬರು ಹೇಳಬೇಕು, ಇನ್ನೊಬ್ಬರು ತಾಳ್ಮೆಯಿಂದ ಕೂತು ಕೇಳಬೇಕು. ನಾನು ಕೇಳದೇ ಬರೆದಿದ್ದೆ.

ಸಂಕ್ರಾಂತಿಗೆ ಮತ್ತೆ ಮಸ್ಕಿಗೆ ಹೋದೆ. ಸಂಜೆ ಮಾಮನ ಜೊತೆ ಅಶೋಕನ ಶಾಸನದ ಕಡೆ ನಡೆದೆವು. 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದ ಬಂಡೆಯಿದು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತಷ್ಟೇ ಇದ್ದ. ಅವನೇ ಅಶೋಕ ಅಂತ ಹೆಸರು ಹಿಡಿದು ಹೇಳಿದ್ದು ನಮ್ಮ ಮಸ್ಕಿಯ ಕಲ್ಲು. ಅಸಲಿ ಪತ್ತೇದಾರಿ ನಡೆದ ಊರು ಇದು.

“ನೋಡು, ರಾಜಗೂ ತನ್ನ ಹೆಸರು ಹೇಳಾಕ ಕಲ್ಲು ಬೇಕಾತು,” ಅಂದರು ಮಾಮ.

ನಾನು ಧೈರ್ಯ ಮಾಡಿ ಕೇಳಿದೆ, “ಮಾಮ, ಫೋನಿನಾಗ ರೆಕಾರ್ಡ್ ಹಚ್ಚಲೇನು? ಮೊದಲಿಂದ ಹೇಳ್ರಿ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಶುರು ಮಾಡಿದರು. ಮೊದಲ ಸಲ ಸೀರೆ ಉಡಿಸಿದ ಮಾಸ್ತರು, ಮೀಸೆ ಬೋಳಿಸಿದ್ದಕ್ಕೆ ಅಜ್ಜ ಮೂರು ದಿನ ಮಾತು ಬಿಟ್ಟದ್ದು, ವಸ್ತ್ರಾಪಹರಣದ ನಡುವೆ ಕರೆಂಟ್ ಹೋಗಿ ದುಶ್ಶಾಸನನೇ ಕಂದೀಲು ಹಿಡಿದು ನಿಂತದ್ದು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈ ಸಲ ನಗಿಸಿದವರು ಅವರು.

ಹಳೆಯ ಕತೆ ಅಳಿಸಿ ಹಾಕಿದ್ದೇನೆ. ನಿಮ್ಮ ಮನೆಯಲ್ಲೂ ಹೀಗೆ ಫೋಟೋ ಇಲ್ಲದ ದ್ರೌಪದಿ, ಸೀತೆ ಇದ್ದರೆ, ಇರುವಾಗಲೇ ಕೂತು ಕೇಳಿ.

ಹೊಸದರ ಮೊದಲ ಅಧ್ಯಾಯ ಕಳಿಸಿದಾಗ ಮಾಮ ಫೋನ್ ಮಾಡಿದರು. “ಕಳ್ಳನ್ನ ನಾ ಹಿಡೀತೀನಿ ಅಳಿಯಾ. ನೀ ಬರಕೊಂಡು ಹೋಗು.”