ಸ್ಪಂಜು ಕೊಟ್ಟ ನಕ್ಷೆ

ಕಡಲತಳದ ಬಂಡೆಗೆ ಅಂಟಿಕೊಂಡು ಬದುಕುವ ಸ್ಪಂಜಿಗೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ತಿನ್ನಲು ಬಂದ ಜೀವಿಗಳನ್ನು ಅದು ತಡೆಯುವುದು ಬಹುಮಟ್ಟಿಗೆ ರಾಸಾಯನಿಕಗಳಿಂದ. ಇವುಗಳಲ್ಲಿ ಕೆಲವು ಜೀವಕೋಶಗಳ ವಿಭಜನೆಯನ್ನೇ ನಿಲ್ಲಿಸಬಲ್ಲವು. ಕ್ಯಾನ್ಸರ್ ಸಂಶೋಧಕರ ಕಣ್ಣು ಸ್ಪಂಜಿನ ಮೇಲೆ ಬಿದ್ದದ್ದು ಅದಕ್ಕಾಗಿ. ಹಾಗೆಂದು ಕಡಲನ್ನು ಔಷಧದ ಉಗ್ರಾಣವೆಂದು ಕರೆಯುವುದನ್ನು ನಾನು ಒಪ್ಪಲಾರೆ. ಉಗ್ರಾಣದಿಂದ ಸರಕನ್ನು ಹೊತ್ತು ತರಬಹುದು. ಸ್ಪಂಜಿನಿಂದ ನಮಗೆ ದಕ್ಕಿರುವುದು ಮುಖ್ಯವಾಗಿ ಅಣುವಿನ ನಕ್ಷೆ, ಮತ್ತು ಅದರ ಬೆಲೆ ಸರಕಿಗಿಂತ ದೊಡ್ಡದು.

1986ರಲ್ಲಿ ಜಪಾನಿನ ವಿಜ್ಞಾನಿಗಳಾದ ಹಿರಾಟಾ ಮತ್ತು ಉಯೆಮುರಾ, ಹ್ಯಾಲಿಕಾಂಡ್ರಿಯಾ ಒಕಡೈ ಎಂಬ ಸ್ಪಂಜಿನಿಂದ ಹ್ಯಾಲಿಕಾಂಡ್ರಿನ್ ಬಿ ಎಂಬ ಅಣುವನ್ನು ಬೇರ್ಪಡಿಸಿದ ವರದಿ ಕೊಟ್ಟರು. ಕ್ಯಾನ್ಸರ್ ಕೋಶಗಳ ವಿರುದ್ಧ ಅದು ಪ್ರಬಲವಾಗಿತ್ತು, ಆದರೆ ಸಿಗುತ್ತಿದ್ದದ್ದು ತೀರ ಅಲ್ಪ. ಮುಂದೆ ನ್ಯೂಜಿಲೆಂಡಿನ ಕಡಲಿನಿಂದ ಇನ್ನೊಂದು ಜಾತಿಯ ಸ್ಪಂಜನ್ನು ಒಂದು ಟನ್ ಎತ್ತಿದರೂ ಕೈಗೆ ಬಂದದ್ದು ಸುಮಾರು 300 ಮಿಲಿಗ್ರಾಂ. ಹೀಗೆ ಬಾಚುತ್ತ ಹೋದರೆ ರೋಗಿಗಳಿಗೆ ಔಷಧ ಒದಗುವ ಮೊದಲೇ ಸ್ಪಂಜು ಮುಗಿದುಹೋಗುತ್ತದೆ. ದಾರಿ ತೆರೆದದ್ದು ಪ್ರಯೋಗಾಲಯದಲ್ಲಿ. 1992ರಲ್ಲಿ ಹಾರ್ವರ್ಡಿನ ಯೋಶಿತೊ ಕಿಶಿಯವರ ತಂಡ ಆ ಅಣುವನ್ನು ಸಂಪೂರ್ಣವಾಗಿ ಕೃತಕವಾಗಿ ಕಟ್ಟಿತು; ಅದರ ಒಂದು ಅರ್ಧಭಾಗವಷ್ಟೇ ಕೆಲಸ ಮಾಡಲು ಸಾಕೆಂಬುದು ಬಳಿಕ ತಿಳಿಯಿತು. ಆ ಅರ್ಧವನ್ನು ತಿದ್ದಿ ಐಸಾಯ್ ಕಂಪನಿ ರೂಪಿಸಿದ ಎರಿಬುಲಿನ್‌ಗೆ 2010ರಲ್ಲಿ ಅಮೆರಿಕದಲ್ಲಿ, ದೇಹದ ಬೇರೆಡೆಗೂ ಹರಡಿದ ಸ್ತನ ಕ್ಯಾನ್ಸರ್‌ಗಾಗಿ ಅನುಮತಿ ದೊರೆಯಿತು. ಅದನ್ನು ತಯಾರಿಸಲು ಅರವತ್ತಕ್ಕೂ ಹೆಚ್ಚು ಹಂತಗಳು ಬೇಕು, ಸ್ಪಂಜು ಒಂದೂ ಬೇಡ.

ಇಷ್ಟೆಲ್ಲ ಕಷ್ಟಪಟ್ಟು ಗಳಿಸಿದ್ದೇನು ಎಂದು ಕೇಳಬಹುದು. ಅನುಮತಿಗೆ ಆಧಾರವಾದ ಪ್ರಯೋಗದಲ್ಲಿ ಎರಿಬುಲಿನ್ ಪಡೆದವರು ಬದುಕುಳಿದ ಅವಧಿಯ ಮಧ್ಯಾಂಕ 13.1 ತಿಂಗಳು, ಇತರ ಚಿಕಿತ್ಸೆ ಪಡೆದವರದು 10.6. ಅಂತರ ಚಿಕ್ಕದು, ನಿಜ. ಆದರೆ ಹಲವು ಔಷಧಗಳು ಸೋತ ಮೇಲೆ ಸಿಕ್ಕ ಆ ತಿಂಗಳುಗಳನ್ನು ಕ್ಷುಲ್ಲಕವೆನ್ನಲು ನನಗೆ ಮನಸ್ಸು ಬಾರದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಅಣುವನ್ನು ನಾವೇ ಕಟ್ಟಬಲ್ಲೆವಾದರೆ ಸ್ಪಂಜಿನ ಹಂಗೇಕೆ? ಕಟ್ಟಲು ಬರುವುದು ಬೇರೆ, ಏನನ್ನು ಕಟ್ಟಬೇಕೆಂದು ಹೊಳೆಯುವುದು ಬೇರೆ. 1950ರ ದಶಕದ ಆರಂಭದಲ್ಲಿ ವಿಜ್ಞಾನಿ ಬರ್ಗ್‌ಮನ್ ಫ್ಲಾರಿಡಾದ ಸ್ಪಂಜಿನಲ್ಲಿ ಕಂಡ ವಿಚಿತ್ರ ನ್ಯೂಕ್ಲಿಯೊಸೈಡ್‌ಗಳಲ್ಲಿ ರೈಬೋಸ್ ಇರಬೇಕಾದ ಜಾಗದಲ್ಲಿ ಅರಾಬಿನೋಸ್ ಸಕ್ಕರೆ ಇತ್ತು. ಆ ಜಾಡು ಹಿಡಿದೇ ರಕ್ತಕ್ಯಾನ್ಸರಿನ ಔಷಧ ಸೈಟರಾಬಿನ್ ಬಂದದ್ದು. 1969ರಲ್ಲಿ ಅನುಮತಿ ಪಡೆದ ಅದು ಇಂದಿಗೂ ಬಳಕೆಯಲ್ಲಿದೆ. ಇನ್ನು, ಹಲವು ಸ್ಪಂಜುಗಳಲ್ಲಿ ಈ ಅಣುಗಳನ್ನು ತಯಾರಿಸುವುದು ಒಳಗೆ ವಾಸಿಸುವ ಬ್ಯಾಕ್ಟೀರಿಯಾಗಳು ಎಂದು ಈಗ ಗೊತ್ತಾಗಿದೆ. ಹಾಗಾದರೆ ಅವನ್ನೇ ಸಾಕಿದರಾಯಿತಲ್ಲವೇ? ಅವುಗಳಲ್ಲಿ ಬಹುಪಾಲು ಸ್ಪಂಜಿನ ಹೊರಗೆ ಬೆಳೆಯಲು ಒಪ್ಪುವುದಿಲ್ಲ. ಸ್ಪಂಜು ಬದುಕಿದ್ದರಷ್ಟೇ ಅವೂ ಉಳಿಯುತ್ತವೆ, ನಾವಿನ್ನೂ ಓದದ ಅವುಗಳ ಜೀನುಗಳೂ ಉಳಿಯುತ್ತವೆ.