ಸಲೀಸಾಗಿ ಬಂದರೆ ಕಲಿತಂತೆಯೇ?

ಹೊಸದಾಗಿ ಟೈಪಿಂಗಿಗೋ ಸಂಗೀತಕ್ಕೋ ಸೇರಿದವರಲ್ಲಿ ಒಂದು ನಂಬಿಕೆ ಬೇರೂರಿರುತ್ತದೆ: ಅಭ್ಯಾಸಕ್ಕೆ ಕೂತಾಗ ಸಲೀಸಾಗಿ ಬಂದರೆ ವಿದ್ಯೆ ಹತ್ತುತ್ತಿದೆ, ತಡವರಿಸಿದರೆ ಹತ್ತುತ್ತಿಲ್ಲ. ‘ಇದು ನನ್ನ ಕೈಲಾಗದ್ದು’ ಎಂದು ಕೆಲವೇ ವಾರಗಳಲ್ಲಿ ಬಿಟ್ಟುಬಿಡುವ ಎಷ್ಟೋ ಜನರನ್ನು ಸೋಲಿಸುವುದು ಈ ನಂಬಿಕೆಯೇ. ಇದು ತಪ್ಪು. ಕೂತಲ್ಲಿ ಕಾಣುವ ಸಾಮರ್ಥ್ಯ ಬೇರೆ, ವಾರ ಕಳೆದ ಮೇಲೂ ಉಳಿದಿರುವ ಕಲಿಕೆ ಬೇರೆ. ಎರಡೂ ಜೊತೆಯಾಗಿ ಬೆಳೆಯಬೇಕೆಂದೇನಿಲ್ಲ; ಕೆಲವೊಮ್ಮೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ.

ಬ್ರಿಟನ್ನಿನ ಅಂಚೆ ಇಲಾಖೆ ಪತ್ರ ವಿಂಗಡಣೆಗೆ ಯಂತ್ರ ತಂದಾಗ ಪೋಸ್ಟ್‌ಮ್ಯಾನ್‌ಗಳಿಗೆ ಟೈಪಿಂಗ್ ಕಲಿಸಬೇಕಾಯಿತು. ಮನಶ್ಶಾಸ್ತ್ರಜ್ಞರಾದ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಈ ಪೋಸ್ಟ್‌ಮ್ಯಾನ್‌ಗಳನ್ನು ನಾಲ್ಕು ಗುಂಪು ಮಾಡಿ, 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ ಪಾಠ. ಇನ್ನೊಂದಕ್ಕೆ ಎರಡೆರಡು ಗಂಟೆಯಂತೆ ದಿನಕ್ಕೆರಡು ಸಲ. ಉಳಿದೆರಡಕ್ಕೆ ದಿನಕ್ಕೆ ಎರಡು ಗಂಟೆ. ಕೀಲಿಮಣೆ ಕೈಗೆ ಹತ್ತಲು ಒಂದು ಗಂಟೆಯವರಿಗೆ ಒಟ್ಟು ಸುಮಾರು 35 ಗಂಟೆ ಸಾಕಾಯಿತು, ನಾಲ್ಕು ಗಂಟೆಯವರಿಗೆ 50ರಷ್ಟು ಬೇಕಾಯಿತು. ಆದರೂ ತಮ್ಮ ಪಾಠದ ಕ್ರಮದ ಬಗ್ಗೆ ಎಲ್ಲರಿಗಿಂತ ಹೆಚ್ಚು ಬೇಸರಪಟ್ಟವರು ಈ ಒಂದು ಗಂಟೆಯವರೇ! ಪಕ್ಕದವರು ಮೂರು ವಾರದೊಳಗೆ ಮುಟ್ಟಿದ ಹಂತಕ್ಕೆ ತಮಗೆ ತಿಂಗಳು ದಾಟಿತಲ್ಲ ಎಂದು ದಿನ ಎಣಿಸಿದರೆ ಹಾಗೆ ಅನ್ನಿಸುವುದು ಸಹಜ. ಗಂಟೆ ಲೆಕ್ಕ ಹಾಕಿದರೆ ಮಾತ್ರ ಗೆದ್ದವರು ಯಾರೆಂದು ತಿಳಿಯುತ್ತದೆ. ಕಲಿಯುವವನ ಮನಸ್ಸು ತನ್ನ ಕಲಿಕೆಗೇ ಸರಿಯಾದ ಸಾಕ್ಷಿ ಹೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಓದಿನಲ್ಲೂ ಹೀಗೆಯೇ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಠ್ಯವನ್ನು ಎರಡು ಸಲ ಓದಿದರು; ಕೆಲವರು ಒಂದು ಸಲ ಓದಿ, ಪುಟ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದೆ: ಅವರದು ಶೇ. 81, ಬರೆದವರದು ಶೇ. 75. ವಾರದ ನಂತರ ಲೆಕ್ಕ ತಿರುಗಿತು: ಬರೆದವರಿಗೆ ಶೇ. 56 ಉಳಿದಿತ್ತು, ಓದಿದವರಿಗೆ ಶೇ. 42. ಮರುದಿನದ ಪರೀಕ್ಷೆಗೆ ರಾತ್ರಿಯಿಡೀ ಓದಿ ಪಾಸಾದವರು ‘ಉರು ಹೊಡೆದದ್ದು ಫಲ ಕೊಟ್ಟಿತಲ್ಲ’ ಎಂದರೆ ಆ ಮಾತು ಸುಳ್ಳಲ್ಲ. ಆ ಫಲದ ಆಯುಸ್ಸು ಕಡಿಮೆ, ಅಷ್ಟೆ. ಪರೀಕ್ಷೆ ಮುಗಿದರೆ ಸಾಕು ಎನ್ನುವವರಿಗೆ ಅದು ನಡೆದೀತು. ಬದುಕಿಗೆ ಬೇಕಾದ ವಿದ್ಯೆಗೆ ನಡೆಯದು.

ಇಲ್ಲಿ ಸಂಗೀತದವರು ಕೇಳಬಹುದಾದ ಪ್ರಶ್ನೆ ಗಟ್ಟಿಯಾದದ್ದು. ಒಂದೇ ಪಾಠವನ್ನು ನೂರು ಸಲ ಹೇಳಿಸುವ ಸಾಧಕದಿಂದಲೇ ಅಲ್ಲವೇ ನಮ್ಮಲ್ಲಿ ವಿದ್ವಾಂಸರು ತಯಾರಾದದ್ದು? ನಿಜ. ಆದರೆ ಆ ಸಾಧಕ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ನಂಬುವ ಮಾಯಾಮಾಳವಗೌಳ ರಾಗದ ಸರಳೆ ವರಸೆಯನ್ನು, ಅಂದರೆ ಮೊದಲ ಸ್ವರಪಾಠವನ್ನು, ಮೂರು ಕಾಲಗಳಲ್ಲಿ ಹಾಡಿಸುತ್ತಾರೆ. ಮೊದಲ ಕಾಲದಲ್ಲಿ ತಾಳದ ಒಂದೊಂದು ಎಣಿಕೆಗೆ ಒಂದೊಂದು ಸ್ವರ, ಎರಡನೆಯದರಲ್ಲಿ ಎರಡೆರಡು, ಮೂರನೆಯದರಲ್ಲಿ ನಾಲ್ಕು ನಾಲ್ಕು. ಸ್ವರ ಅವೇ, ಕೈತಾಳ ಅದೇ. ಆದರೂ ಕಾಲ ಬದಲಾದೊಡನೆ ಶಿಷ್ಯ ಮತ್ತೆ ಎಡವುತ್ತಾನೆ, ಮತ್ತೆ ಹಿಡಿಯುತ್ತಾನೆ. ಅದೇ ವರಸೆ ಮರುದಿನ ಬೆಳಿಗ್ಗೆಯೂ ಬರುತ್ತದೆ, ತಿಂಗಳ ಮೇಲೂ ಬರುತ್ತದೆ. ದಿನಗಳ ಮೇಲೆ ಹರಡಿದ, ಪ್ರತಿ ಸಲವೂ ತುಸು ಬೇರೆಯಾದ ಪುನರಾವರ್ತನೆ ಇದು. ಒಂದೇ ಭಾನುವಾರ ಕೂತು ಒಂದೇ ಕಾಲದಲ್ಲಿ ನೂರು ಸಲ ಹೇಳುವುದಕ್ಕೆ ಸಾಧಕದ ಹೆಸರು ಸಲ್ಲದು.

ಹಾಗಾದರೆ ಮೊದಲ ದಿನದಿಂದಲೇ ಎಲ್ಲವನ್ನೂ ಕಲಸಿ, ಕಷ್ಟಪಡಿಸಿ ಕಲಿಸಬೇಕೇ? ಬೇಡ. ಏನೂ ಗೊತ್ತಿಲ್ಲದವನಿಗೆ ಮೊದಲು ದಾರಿ ತೋರಿಸಬೇಕು: ಬೆರಳು ಎಲ್ಲಿಡಬೇಕು, ಶ್ರುತಿ ಎಲ್ಲಿ ನಿಲ್ಲಬೇಕು ಎಂದು ನಿಧಾನವಾಗಿ, ಮತ್ತೆ ಮತ್ತೆ. ತಡವರಿಕೆಯಲ್ಲೂ ಎರಡು ಬಗೆಯಿದೆ. ಗೊತ್ತಿದ್ದದ್ದನ್ನು ನೆನಪಿಗೆ ತಂದುಕೊಳ್ಳಲು ಪಡುವ ಕಷ್ಟ ಕಲಿಕೆಯನ್ನು ಗಟ್ಟಿ ಮಾಡುತ್ತದೆ. ಶ್ರುತಿ ತಪ್ಪಿದ್ದೇ ಗೊತ್ತಾಗದೆ ತಪ್ಪನ್ನೇ ಹೇಳುತ್ತ ಹೋದರೆ ಗಟ್ಟಿಯಾಗುವುದು ತಪ್ಪೇ, ಅಲ್ಲಿ ಗುರುವಿನ ಕಿವಿ ಬೇಕು. ಪಾಠ ನಿಂತಿದೆಯೇ ಎಂದು ತಿಳಿಯಬೇಕಾದರೆ, ಅಭ್ಯಾಸ ಮುಗಿಸಿದ ಕ್ಷಣದ ತೃಪ್ತಿಯನ್ನು ನೆಚ್ಚದೆ ನಾಲ್ಕು ದಿನ ಬಿಟ್ಟು, ಪುಸ್ತಕ ತೆರೆಯದೆ, ಅದನ್ನೇ ಇನ್ನೊಮ್ಮೆ ಹಾಡಿಯೋ ಟೈಪ್ ಮಾಡಿಯೋ ನೋಡಬೇಕು. ಆ ದಿನ ಅರ್ಧ ಬಂದು ಅರ್ಧ ಮರೆತಿದ್ದರೆ ಬೇಸರಪಡಬೇಕಾಗಿಲ್ಲ. ಮರೆತ ಆ ಅರ್ಧದಿಂದಲೇ ಅಂದಿನ ಅಭ್ಯಾಸ ಶುರುಮಾಡಬಹುದು.